ಊರು ಮಟ್ಟವಾದ ದಿನಗಳು

ನಮ್ಮೂರಿನಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡುವುದು ನೆಲ ಯಾವ ಕಡೆಗೆ ವಾಲಿದೆ ಎಂಬುದನ್ನು. ಸೋಮವಾರ ಮೂಡಲಿಗೆ ವಾಲಿದ್ದ ಊರು ಮಂಗಳವಾರ ತೆಂಕಲಿಗೆ ವಾಲಿರುತ್ತದೆ. ಒಂದೊಂದು ದಿನ ಎರಡು ಬೆರಳು, ಒಂದೊಂದು ದಿನ ನಾಲ್ಕು. ಊರ ನೆತ್ತಿಯ ಮೇಲೆ ಹೊಗೆಯಾಡುತ್ತ ಕೂತಿರುವ ಬೆಟ್ಟಕ್ಕೆ ಮಗ್ಗುಲಜ್ಜಿ ಎಂದು ಹೆಸರು. ಅಜ್ಜಿ ಮಗ್ಗುಲು ಬದಲಿಸಿದಳು ಎಂದುಕೊಂಡು ಜನ ಏಳುತ್ತಾರೆ, ಮಂಚದ ಕಾಲಿಗೆ, ಒಲೆಯ ಬುಡಕ್ಕೆ, ನೀರಿನ ಹಂಡೆಗೆ ಬೆಣೆ ಕೊಟ್ಟು ಮಟ್ಟ ಮಾಡಿಕೊಂಡು ಆಮೇಲೆ ಮುಖ ತೊಳೆಯುತ್ತಾರೆ. ಬೆಳಗ್ಗೆ ಆರಕ್ಕೆ ಪುರಸಭೆಯ ಗಂಟೆ ಹೊಡೆಯುತ್ತದೆ. ಅದು ಬೆಣೆಗಂಟೆ. ಅದು ಹೊಡೆಯುವವರೆಗೆ ಯಾರೂ ಒಲೆ ಹೊತ್ತಿಸುವಂತಿಲ್ಲ ಎಂಬುದು ಊರಿನ ಕಾನೂನು. ಕಾಫಿ ಲೋಟವನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಬಾರದು ಎಂಬುದು ಕಾನೂನಲ್ಲ, ಆದರೆ ತುಂಬಿಸಿದವರಿಗೆ ಕೈ ಸುಡುತ್ತದೆ.

ಬೆಣೆ ಮಾಡುವವರು ನಾವು. ನಾನು ಕಾಳಮ್ಮ, ನನ್ನ ಅಣ್ಣ ಮೌನಾಚಾರಿ. ನಮ್ಮಪ್ಪನ ಕಾಲದಿಂದಲೂ ಹುಣಸೆ ಮರದ್ದೇ ಬೆಣೆ. ಎಷ್ಟು ಭಾರ ಹೊತ್ತರೂ ಸೀಳುವುದಿಲ್ಲ. ಅಣ್ಣ ಕೊಯ್ಯುತ್ತಾನೆ, ನಾನು ಹತ್ತರಿ ಹೊಡೆದು ಇಳಿಜಾರು ಕೂರಿಸುತ್ತೇನೆ. ನನಗೆ ಮಟ್ಟಪಟ್ಟಿ ಬೇಡ. ಒಂದು ಹಲಗೆಯ ಮೇಲೆ ಕಣ್ಣಿಟ್ಟರೆ ಅದು ಎಷ್ಟು ಕೂದಲೆಳೆ ವಾಲಿದೆ ಎಂದು ಹೇಳಬಲ್ಲೆ. ಗಂಡ ಸತ್ತು ತವರಿಗೆ ಬಂದ ಮೇಲೆ ನನಗೆ ಸಿಕ್ಕ ಮರ್ಯಾದೆಯೆಲ್ಲ ಈ ಕಣ್ಣಿನಿಂದ ಸಿಕ್ಕಿದ್ದು.

ಅಣ್ಣನ ಹೆಸರಿಗೆ ತಕ್ಕ ಸ್ವಭಾವ. ಐವತ್ತನಾಲ್ಕು ವರ್ಷವಾದರೂ ಮದುವೆಯಾಗಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಸೀಬಮ್ಮನ ಹೋಟೆಲಿಗೆ ಹೋಗಿ, ಅಲ್ಲಿನ ಏಳು ಮೇಜಿಗೂ ಬೆಣೆ ಕೊಟ್ಟು, ಮೂರು ಇಡ್ಲಿ ತಿಂದು, ಒಂದು ಮಾತೂ ಆಡದೆ ಬರುತ್ತಿದ್ದ. ಸೀಬಮ್ಮ ದಿಟ್ಟ ಹೆಂಗಸು, ಊರಿನ ಅರ್ಧ ಜನಕ್ಕೆ ಅನ್ನ ಹಾಕುವವಳು. ಆ ವರ್ಷದ ಬೇಸಿಗೆಯ ಆರಂಭದಲ್ಲಿ ಒಂದು ದಿನ ಅವಳೇ ಸೌಟು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು.

"ಕಾಳಕ್ಕ, ನಿಮ್ಮಣ್ಣ ಇನ್ನೂ ಎಷ್ಟು ವರ್ಸ ಮೇಜು ಸರಿ ಮಾಡ್ತಾನಂತೆ? ಕೇಳು. ನಂಗೂ ಐವತ್ತಾಯ್ತು."

ಅಣ್ಣ ಉಜ್ಜುಗೊರಡು ಕೆಳಗಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳೆದುರು ಬಾಯಿ ಬಿಟ್ಟು, "ನೀನು ಹೇಳಿದ್ ದಿನ," ಅಂದ. ಮದುವೆ ಒಂದೂವರೆ ತಿಂಗಳ ಮೇಲಿನ ಒಂದು ಶುಕ್ರವಾರಕ್ಕೆ ನಿಶ್ಚಯವಾಯಿತು.

ಅದೇ ವಾರ ವಾರಿಜಾ ನಮ್ಮೂರಿಗೆ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮೊಣಕಾಲವರೆಗೆ ಬೂಟು, ಜೀಪಿನ ತುಂಬ ಪೆಟ್ಟಿಗೆ. ಬೆಟ್ಟವನ್ನು ಅಳೆಯಲು ರಾಜಧಾನಿಯಿಂದ ಕಳಿಸಿದ್ದಾರೆಂದು ಹೇಳಿ ನಮ್ಮ ಕಾರ್ಖಾನೆಯ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಮೊದಲ ದಿನವೇ ಅವಳ ಮೇಜಿನ ಮೇಲಿದ್ದ ಯಂತ್ರವೊಂದು ಜಾರಿ ಬೀಳುವುದರಲ್ಲಿತ್ತು, ನಾನು ಹಿಡಿದುಕೊಂಡೆ. ಅವಳು ಥ್ಯಾಂಕ್ಸ್ ಹೇಳುವ ಮೊದಲು ಯಂತ್ರಕ್ಕೆ ಏನಾದರೂ ಆಯಿತೇ ಎಂದು ನೋಡಿದಳು. ಕೆಲಸ ಬಲ್ಲವಳು ಎಂದುಕೊಂಡೆ. ಅಲ್ಲಿಂದ ನಮ್ಮ ಸ್ನೇಹ.

ಅವಳಿಗೆ ಬೆಟ್ಟದ ಮೈಮೇಲೆ ಹನ್ನೆರಡು ಕಡೆ ಯಂತ್ರ ನೆಡಬೇಕಿತ್ತು. ಕೆಲವು ನೆಲದ ಅದುರು ಹಿಡಿಯುವಂಥವು, ಕೆಲವು ನೆಲದ ವಾಲು ಅಳೆಯುವಂಥವು. ಒಂದೊಂದನ್ನೂ ಬಂಡೆಯ ಮೇಲೆ ಚೂರೂ ಓರೆಯಿಲ್ಲದೆ ಕೂರಿಸಬೇಕು. ನಾನು ಬೆಣೆಚೀಲ ಹೆಗಲಿಗೆ ಹಾಕಿಕೊಂಡು ಅವಳ ಜೊತೆ ಹತ್ತಿದೆ. ನಾನು ಕಣ್ಣಿನಲ್ಲೇ ಕೂರಿಸಿದ್ದನ್ನು ಅವಳು ತನ್ನ ಗಾಜಿನ ಗುಳ್ಳೆಯಿಟ್ಟು ನೋಡುತ್ತಿದ್ದಳು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಗುಳ್ಳೆಯನ್ನು ಜೇಬಿಗೆ ಹಾಕಿಕೊಂಡಳು.

"ಈ ಅದುರು ಹಿಡಿದು ಏನು ಮಾಡ್ತೀಯವ್ವಾ?" ಅಂತ ಕೇಳಿದೆ.

"ನೀವು ಮರ ಕೊಳ್ಳುವಾಗ ಏನು ಮಾಡ್ತೀರಿ?"

"ಬೆರಳಲ್ಲಿ ಬಡಿದು ನೋಡ್ತೀನಿ. ಒಳಗೆ ಟೊಳ್ಳಿದ್ರೆ ಸದ್ದು ಬೇರೆ ಬತ್ತದೆ."

"ಅಷ್ಟೇ ಕಾಳಮ್ಮ. ಬೆಟ್ಟವನ್ನ ನಾನು ಬಡಿಯೋದು ಬೇಡ, ಅದೇ ಒಳಗಿಂದ ಬಡೀತಾ ಇರುತ್ತೆ. ಕಲ್ಲು ಸೀಳಿದರೆ ಒಂದು ಥರ ಅದುರು, ಕರಗಿದ ಕಲ್ಲು ಹರಿದರೆ ಇನ್ನೊಂದು ಥರ. ಹನ್ನೆರಡು ಕಡೆ ಕಿವಿ ಇಟ್ಟರೆ ಸದ್ದು ಎಲ್ಲಿಂದ, ಎಷ್ಟು ಆಳದಿಂದ ಬಂತು ಅಂತ ಗೊತ್ತಾಗುತ್ತೆ."

ಇನ್ನೊಂದು ಯಂತ್ರವನ್ನು ಬೆಟ್ಟದ ಬಾಯಿಯ ಹೊಗೆಗೆ ಹಿಡಿದು ಅದರಲ್ಲಿ ಗಂಧಕ ಎಷ್ಟಿದೆ ಎಂದು ನೋಡುತ್ತಿದ್ದಳು. ಬಿಸಿನೀರಿನ ಬುಗ್ಗೆಗೆ ಥರ್ಮಾಮೀಟರ್ ಇಳಿಬಿಡುತ್ತಿದ್ದಳು. ಊರಿನ ನಾಲ್ಕು ಮೂಲೆಗೆ ನಾಲ್ಕು ಬಿಳಿ ಕೊಡೆಯಂಥ ಯಂತ್ರ ನಿಲ್ಲಿಸಿ, ಅವು ಉಪಗ್ರಹದ ಜೊತೆ ಮಾತಾಡುತ್ತವೆ, ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಹೇಳುತ್ತವೆ ಅಂದಳು. ಸಂಜೆ ಸೀಬಮ್ಮನ ಹೋಟೆಲಿನಲ್ಲಿ ಇದನ್ನೆಲ್ಲ ನಾನು ಹೇಳಿದರೆ ಜನ ಬಾಯಿ ಚಪ್ಪರಿಸಿ ಕೇಳುತ್ತಿದ್ದರು, ಆದರೆ ಮಗ್ಗುಲಜ್ಜಿ ಏನಾದರೂ ಮಾಡಿಬಿಡುತ್ತಾಳೆ ಎಂದು ಒಬ್ಬರೂ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಯಾರೋ ಒಬ್ಬ ಅಧಿಕಾರಿ ಒಂದೇ ಒಂದು ಯಂತ್ರ ತಂದು ಹದಿನೈದು ದಿನ ನೋಡಿ, ಬೆಟ್ಟ ಸಿಡಿಯುತ್ತದೆ ಎಂದು ಹೇಳಿ ತಾನು ಮೊದಲು ಹೊರಟುಹೋದ. ಆಗ ಹೊಸದಾಗಿ ಪುರಸಭೆ ಅಧ್ಯಕ್ಷನಾಗಿದ್ದ ಸಿದ್ದಮಾದಪ್ಪ ಊರಿಗೆ ಊರನ್ನೇ ಎಬ್ಬಿಸಿ ಬಯಲಿನ ಡೇರೆಗಳಿಗೆ ಸಾಗಿಸಿದ. ನಲವತ್ತು ದಿನ ಬಿಸಿಲು, ಸೊಳ್ಳೆ, ಅರೆಬೆಂದ ಅನ್ನ. ಬೆಟ್ಟ ಒಂದು ಸೀನು ಕೂಡ ಸೀನಲಿಲ್ಲ. ವಾಪಸು ಬಂದರೆ ಬೆಣೆ ಕೊಡುವವರಿಲ್ಲದೆ ಎಲ್ಲರ ಮಂಚ, ಕಪಾಟು, ಪಾತ್ರೆ ಎಲ್ಲ ಜಾರಿ ಮನೆಯ ಒಂದೇ ಮೂಲೆಗೆ ಬಿದ್ದಿದ್ದವು. ಆ ರಾಶಿಯ ಮೇಲೆ ಕೋತಿಗಳು ಸಂಸಾರ ಹೂಡಿದ್ದವು. ಅಂದಿನಿಂದ ಸಿದ್ದಮಾದಪ್ಪನಿಗೆ ಗಂಟುಮೂಟೆ ಮಾದಪ್ಪ ಎಂದು ಹೆಸರು ಬಿತ್ತು. ಎದುರಿಗೇ ಹಾಗೆ ಕರೆಯುವವರಿದ್ದರು. ಅವನು ಮಾತ್ರ ಏನೂ ಅನ್ನದೆ, ದಿನಾ ಬೆಳಗ್ಗೆ ತಾನೇ ಹೋಗಿ ಬೆಣೆಗಂಟೆ ಹೊಡೆದು ಬರುತ್ತಿದ್ದ. ಆ ಹೆಸರು ಇಟ್ಟವಳು ನಾನು. ಡೇರೆಯ ಸೊಳ್ಳೆಯ ಕೋಪದಲ್ಲಿ ಒಂದು ದಿನ ಬಾಯಿಂದ ಬಂತು, ಎಲ್ಲರೂ ನಕ್ಕರು, ನನಗೂ ಖುಷಿಯಾಯಿತು.

ಮದುವೆಗೆ ಹತ್ತು ದಿನ ಇರುವಾಗ ಊರು ಮಟ್ಟವಾಯಿತು.

ಬೆಳಗ್ಗೆ ಎದ್ದು ಮಂಚದ ಕಾಲು ನೋಡಿದೆ. ನೆಲ ಯಾವ ಕಡೆಗೂ ವಾಲಿಲ್ಲ. ಹಿಂದಿನ ದಿನದ ಬೆಣೆಯೇ ಈಗ ಮಂಚವನ್ನು ಓರೆ ಮಾಡಿತ್ತು, ತೆಗೆದುಹಾಕಿದೆ. ನೆಲದ ಮೇಲೆ ಒಂದು ಗೋಲಿ ಇಟ್ಟೆ. ಅದು ನಿಂತಲ್ಲೇ ನಿಂತಿತು. ನಲವತ್ತೇಳು ವರ್ಷದಲ್ಲಿ ಗೋಲಿ ನಿಂತಿದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಬಂದರೆ ಬೀದಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮುದುಕರು, ಮಕ್ಕಳು, ಪೊಲೀಸಿನವನು, ಎಲ್ಲರೂ ಕುಕ್ಕುರುಗಾಲಿನಲ್ಲಿ ಕೂತು ನೆಲದ ಮೇಲೆ ಗೋಲಿ, ನಿಂಬೆಹಣ್ಣು, ಬಳೆ ಇಟ್ಟು ಕಾಯುತ್ತಿದ್ದರು.

ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಜನ ಧೈರ್ಯ ಮಾಡಿದರು. ಸೀಬಮ್ಮ ಕಾಫಿಯನ್ನು ಲೋಟದ ಕಂಠಮಟ್ಟ ತುಂಬಿಸಿ ಕೊಟ್ಟಳು. ಅದನ್ನು ನೋಡಲು ಪಕ್ಕದ ಬೀದಿಯವರು ಬಂದರು. ಯಾರೋ ಬಸ್ಸಿನಲ್ಲಿ ಕ್ಯಾರಮ್ ಬೋರ್ಡು ತರಿಸಿದರು, ಇಡೀ ಶಾಲೆ ಅದರ ಸುತ್ತ ನಿಂತಿತು. ದರ್ಜಿಯವನು ನೆಟ್ಟಗಿನ ಹೊಲಿಗೆ ಹಾಕಿದ ಅಂಗಿಯೊಂದನ್ನು ಅಂಗಡಿಯೆದುರು ತೂಗುಹಾಕಿದ. ಬೆಣೆಗಂಟೆ ನಿಂತಿತು, ನಮ್ಮ ಕಾರ್ಖಾನೆಯ ಕೆಲಸವೂ ನಿಂತಿತು. ಆದರೆ ನಿಜ ಹೇಳಬೇಕೆಂದರೆ ನನಗೂ ಸಂತೋಷವಾಗಿತ್ತು. ಅಣ್ಣನ ಮದುವೆಯ ಹಸೆಮಣೆ ಬೆಣೆಯಿಲ್ಲದೆ ಕೂರುತ್ತದಲ್ಲ ಎಂದು.

ವಾರಿಜಾ ಒಬ್ಬಳೇ ನಗುತ್ತಿರಲಿಲ್ಲ. ಮಾಳಿಗೆಯ ಕೋಣೆಗೆ ಕಾಫಿ ತೆಗೆದುಕೊಂಡು ಹೋದರೆ ಅವಳು ಕಂಪ್ಯೂಟರಿನೆದುರು ಕೂದಲು ಕೆದರಿಕೊಂಡು ಕೂತಿದ್ದಳು.

"ಹೊಗೆ ನೋಡಿದಿರಾ?" ಅಂದಳು.

ಕಿಟಕಿಯಿಂದ ನೋಡಿದೆ. ಮಗ್ಗುಲಜ್ಜಿಯ ನೆತ್ತಿ ತೊಳೆದಿಟ್ಟಂತಿತ್ತು. "ಹೊಗೆನೇ ಇಲ್ವಲ್ಲ!"

"ಮೊನ್ನೆವರೆಗೆ ದಿನಕ್ಕೆ ಒಂಬೈನೂರು ಟನ್ ಗಂಧಕದ ಅನಿಲ ಬರ್ತಿತ್ತು. ಈಗ ಮೂವತ್ತು. ಅದುರೂ ನಿಂತಿದೆ. ಒಳಗಿರೋದು ಖಾಲಿಯಾಗಿಲ್ಲ ಕಾಳಮ್ಮ, ಬಾಯಿ ಮುಚ್ಚಿಕೊಂಡಿದೆ." ಅವಳು ಪರದೆ ನನ್ನ ಕಡೆ ತಿರುಗಿಸಿದಳು. ನಾಲ್ಕು ಗೆರೆಗಳು ಅಕ್ಕಪಕ್ಕ ಮೇಲಕ್ಕೆ ಏರುತ್ತಿದ್ದವು. "ಇವು ಊರಿನ ನಾಲ್ಕು ಮೂಲೆಯ ಯಂತ್ರಗಳು. ಊರು ವಾಲೋದು ನಿಂತಿದೆ, ಯಾಕಂದ್ರೆ ನಾಲ್ಕು ಮೂಲೆಯೂ ಒಟ್ಟಿಗೇ ಮೇಲೇಳ್ತಾ ಇದೆ. ಮೂರು ದಿನದಲ್ಲಿ ಒಂದೂಕಾಲು ಅಡಿ."

ನಾನು ಕಾಲಡಿಯ ಹಲಗೆ ನೋಡಿದೆ. ಹಲಗೆ ಮಟ್ಟವಾಗಿತ್ತು. ಒಂದು ಕೂದಲೆಳೆಯ ವಾಲು ಹಿಡಿಯುವ ನನ್ನ ಕಣ್ಣಿಗೆ ಒಂದೂಕಾಲು ಅಡಿ ಎದ್ದಿದ್ದು ಕಾಣಿಸಿರಲಿಲ್ಲ.

ಇಬ್ಬರೂ ಸಿದ್ದಮಾದಪ್ಪನ ಕಚೇರಿಗೆ ಹೋದೆವು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ಯಾವ ದಿನ ಆಗುತ್ತಮ್ಮ?"

"ದಿನ ಹೇಳೋಕಾಗಲ್ಲ ಸರ್. ನನ್ನ ಲೆಕ್ಕದಲ್ಲಿ ಎರಡು ವಾರದೊಳಗೆ ಸಿಡಿಯೋದು ಹತ್ತರಲ್ಲಿ ಏಳು ಪಾಲು."

"ಮಿಕ್ಕಿದ್ದು ಮೂರು ಪಾಲು?"

"ಮೂರು ಪಾಲು ನಾನು ತಪ್ಪು."

ಅವನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಬೆರಳಿನಿಂದ ತಳ್ಳಿದ. ಅದು ಒಂದು ಗೇಣು ಹೋಗಿ ನಿಂತಿತು. "ಈ ಜನಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ. ಈಗ ನಾನು ಹೋಗಿ ಡೇರೆಗೆ ನಡೀರಿ ಅನ್ಲಾ? ಇನ್ನೊಂದು ಸಲ ಆಗಲ್ಲಮ್ಮ. ನನ್ನ ಕೈಲಾಗಲ್ಲ." ವಾರಿಜಾ ಅಲ್ಲಿಂದಲೇ ರಾಜಧಾನಿಗೆ ಫೋನು ಮಾಡಿದಳು. ಸ್ಥಳೀಯ ಅಧ್ಯಕ್ಷರು ತೀರ್ಮಾನಿಸಬಹುದು ಎಂದು ಉತ್ತರ ಬಂತು.

ಅಲ್ಲಿಂದ ಸೀದಾ ಹೋಟೆಲಿಗೆ ಬಂದು ಕೂತೆವು. ಪಕ್ಕದ ಮೇಜಿನಲ್ಲಿ ಲಾಂಚ್ ನಡೆಸುವ ಕರಿಹೈದ ಗೊಣಗುತ್ತಿದ್ದ. ನಮ್ಮೂರಿನ ಕೆಳಗೆ ಹಿರಿಯ ಕೆರೆ ಇದೆ. ಕೆರೆ ಎಂದರೂ ಆಚೆ ದಡ ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು. ದೋಣಿಯಲ್ಲಿ ಒಂದು ಗಂಟೆಯ ಮೇಲಾಗುತ್ತದೆ. ಕರಿಹೈದ ದಿನಕ್ಕೆರಡು ಸಲ ಜನರನ್ನು ಆ ದಡದ ಸಂತೆಗೆ ಕರೆದೊಯ್ದು ತರುವವನು.

"ಈ ಕಡೆ ನೀರು ಇಳ್ದೋಗೈತೆ. ಮೂರು ಮೆಟ್ಲು ಒಣಗೈತೆ, ಲಾಂಚು ಕಟ್ಟೆಗೇ ಬರಲ್ಲ. ಹೆಂಗಸ್ರು ಕೆಸರಲ್ಲಿ ಇಳೀಬೇಕು," ಅಂದ.

"ಬೇಸಿಗೆ ಅಲ್ವೇನೋ," ಅಂದರು ಯಾರೋ.

"ಬೇಸಿಗೆ ಆದ್ರೆ ಎರಡು ದಡದಾಗೂ ಇಳೀಬೇಕಲ್ಲ? ಆ ದಡದಾಗೆ ನೀರು ಒಂದು ಮೆಟ್ಲು ನುಂಗೈತೆ. ಅಲ್ಲಿ ಚೀಲ ಇಟ್ರೆ ಒದ್ದೆ ಆಗ್ತದೆ."

ನನ್ನ ಕೈಯ ಲೋಟ ನಿಂತಿತು. ನೀರಿಗೆ ಬೆಣೆ ಕೊಡಲು ಬರುವುದಿಲ್ಲ; ಅದು ಎಂದಿಗೂ ತನ್ನ ಮಟ್ಟ ಬಿಡುವುದಿಲ್ಲ. ಬಡಗಿಯ ಮಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. "ಕರಿಹೈದ, ಎದ್ದೇಳು," ಅಂದೆ. "ಈಗಲೇ ಒಂದು ಸುತ್ತು ಹೋಗಬೇಕು. ಯಾರ್ಯಾರಿಗೆ ನಂಬಿಕೆ ಇಲ್ವೋ ಅವರೆಲ್ಲ ಬನ್ನಿ."

ಲಾಂಚಿನ ತುಂಬ ನಂಬದವರೇ. ಈ ದಡದಲ್ಲಿ ಒಣಗಿದ ಮೂರು ಮೆಟ್ಟಿಲನ್ನು ಮುಟ್ಟಿ ನೋಡಿಸಿದೆ. ಹಸಿರು ಪಾಚಿ ಇನ್ನೂ ಬಾಡಿರಲಿಲ್ಲ. ಆ ದಡದಲ್ಲಿ ಇಳಿದಾಗ ಮೊದಲು ಕಾಲಿಟ್ಟ ಹಾಲಿನ ಡೈರಿಯವನು ಮೊಣಕಾಲವರೆಗೆ ಒದ್ದೆಯಾದ. ನೀರಿನಡಿಯ ಮೆಟ್ಟಿಲಿನ ಮೇಲೆ ಮೊನ್ನೆ ಯಾರೋ ಇಟ್ಟ ಕುಂಕುಮ ಇನ್ನೂ ಕಾಣುತ್ತಿತ್ತು. ಹೋಗುವಾಗ ತಮಾಷೆ ಮಾಡುತ್ತಿದ್ದವರು ಬರುವಾಗ ಒಬ್ಬೊಬ್ಬರೂ ನಮ್ಮ ಊರಿನ ಕಡೆಗೇ ನೋಡುತ್ತ ಕೂತಿದ್ದರು. ಕೊನೆಗೆ ಡೈರಿಯವನು, "ಹಂಗಾದ್ರೆ ನಮ್ಮೂರು ಉಬ್ಬೈತೆ," ಅಂದ.

"ಹೂಂ," ಅಂದಳು ವಾರಿಜಾ. "ದೋಸೆ ಥರ."

ಸಂಜೆ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತು. ನಂಬಿದರು, ಆದರೆ ಹೊರಡುವ ಮಾತು ಬಂದರೆ ಮಾತ್ರ ಡೇರೆ, ಸೊಳ್ಳೆ, ಕೋತಿ ಎಲ್ಲ ನೆನಪಾಗುತ್ತಿತ್ತು. ಅವರು ಹೋದರೆ ನಾವೂ ಹೋಗೋಣ ಎಂದು ಮೇಲಿನ ಬೀದಿಯವರು ಕೆಳಗಿನ ಬೀದಿಯವರನ್ನು ನೋಡುತ್ತಿದ್ದರು, ಅವರು ಇವರನ್ನು. ಸೀಬಮ್ಮ ಹಿಟ್ಟು ಕಲಸುತ್ತ ಇದನ್ನೆಲ್ಲ ಕೇಳಿ, ಕೈ ತೊಳೆದುಕೊಂಡು, ಅಣ್ಣನನ್ನು ಕರೆದಳು.

"ರೀ, ಮದುವೆ ಆ ದಡದಾಗೆ ಮಾಡ್ಕೊಳಾಣ. ಊರಿಗೆಲ್ಲ ಊಟ. ಮುದುಕರು, ಬಾಣಂತೇರು, ಒಬ್ರೂ ಬಿಡಂಗಿಲ್ಲ. ಡೇರೆಗೆ ಬರ್ರಿ ಅಂದ್ರೆ ಬರಲ್ಲ ಇವ್ರು. ಹೋಳಿಗೆಗೆ ಬತ್ತಾರೆ."

ಅಣ್ಣ, "ಎಷ್ಟು ದಿನದ ಮದುವೆ?" ಅಂದ.

"ಅಜ್ಜಿ ಏಳೋಗಂಟ."

ಅವನು ಮುಸಿಮುಸಿ ನಕ್ಕ. ಅಂದೇ ಹಲಗೆ, ಗಳ ಎಲ್ಲ ಲಾಂಚಿಗೆ ಏರಿಸಿ ಚಪ್ಪರ ಹಾಕಲು ಹೊರಟ.

ಆದರೆ ಪುರಸಭೆಯ ಮಾತಿಲ್ಲದೆ ಶಾಲೆ ಮುಚ್ಚುವಂತಿಲ್ಲ, ಆಸ್ಪತ್ರೆಯ ರೋಗಿಗಳನ್ನು ಕದಲಿಸುವಂತಿಲ್ಲ, ಎರಡು ಬಸ್ಸು ಹೊರಡುವಂತಿಲ್ಲ. ಮಾರನೆಯ ಬೆಳಗ್ಗೆ ನಾನು ಒಬ್ಬಳೇ ಸಿದ್ದಮಾದಪ್ಪನ ಮನೆಗೆ ಹೋದೆ. ಗಂಟೆ ಹೊಡೆಯುವ ಕೆಲಸವಿಲ್ಲದೆ ಅವನು ಜಗಲಿಯ ಮೇಲೆ ಸುಮ್ಮನೆ ಕೂತಿದ್ದ.

"ನೀನೂ ಹೆದರ್ಸಾಕೆ ಬಂದ್ಯಾ ಕಾಳಮ್ಮ?"

"ಇಲ್ಲ. ತಪ್ಪು ಒಪ್ಕೊಳ್ಳಾಕೆ ಬಂದೆ. ಗಂಟುಮೂಟೆ ಅಂತ ಹೆಸರು ಮಡಗ್ದೋಳು ನಾನು."

"ಗೊತ್ತು."

"ಗೊತ್ತಾ?"

"ಹನ್ನೊಂದು ವರ್ಸದಿಂದ ಗೊತ್ತು. ಬೆಣೆ ಇನ್ನೆಲ್ಲೂ ಸಿಗಲ್ವಲ್ಲ, ಅದಕ್ಕೇ ನಿಮ್ಮಂಗ್ಡಿಗೆ ಬತ್ತಿದ್ದೆ." ಅವನು ನಗಲಿಲ್ಲ. ಆಮೇಲೆ ಹೇಳಿದ: "ನನ್ನ ಮೊಮ್ಮಗಳು ಶಾಲೆಗೆ ಸೇರ್ದಾಗ ಪೂರ್ತಿ ಹೆಸರು ಬರಿ ಅಂದವ್ರಂತೆ. ಗಂಟುಮೂಟೆ ಕುಮುದಾ ಅಂತ ಬರ್ದವ್ಳೆ. ನಮ್ಮ ಮನೆತನದ ಹೆಸರೇ ಅದು ಅಂದ್ಕೊಂಡಿದ್ಲು."

ನನಗೆ ಮೊದಲು ನಗು ಬಂತು, ಅದು ಗಂಟಲಿಗೆ ಬರುವಷ್ಟರಲ್ಲಿ ಅಳುವಾಯಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅವತ್ತು ನೀವು ಮಾಡಿದ್ದು ಸರಿ ಇತ್ತು ಅಧ್ಯಕ್ಷರೇ," ಅಂದೆ. "ಏನೂ ಆಗ್ಲಿಲ್ಲ, ಆದ್ರೂ ಸರಿ ಇತ್ತು. ಅಷ್ಟು ಹೇಳೋಕೆ ನನಗೆ ಇಷ್ಟು ವರ್ಸ ಬೇಕಾಯ್ತು."

"ಈ ಸಲಾನೂ ಏನೂ ಆಗ್ದಿದ್ರೆ?"

"ಆಗ್ದಿದ್ರೆ ನಗೋರು ನಗ್ಲಿ, ನನ್ನ ನೋಡಿ ನಗ್ಲಿ. ನಾನೇ ಊರೆಲ್ಲ ಸಾರ್ಕೊಂಡು ಬತ್ತೀನಿ, ಕಾಳಮ್ಮನೇ ಎಬ್ಬಿಸಿದ್ದು ಅಂತ. ಮದುವೆ ಊಟ ಅಂತೂ ಆಗಿರ್ತದೆ."

ಅವನು ಎದ್ದು ಒಳಗೆ ಹೋದ. ಅಂಗಿ ಹಾಕಿಕೊಂಡು ಬಂದು, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದ. ಐದು ನಿಮಿಷದಲ್ಲಿ ಗಂಟೆ ಹೊಡೆಯಲು ಶುರುವಾಯಿತು. ಜನ ಅಭ್ಯಾಸಬಲದಿಂದ ಬೆಣೆ ಹಿಡಿದುಕೊಂಡೇ ಹೊರಗೆ ಬಂದರು. ಗಂಟೆಕಟ್ಟೆಯ ಮೇಲೆ ನಿಂತು ಅವನು ಹೇಳಿದ್ದು ಮೂರೇ ಮಾತು. ಊರಿಗೆ ರಜೆ. ಮೌನಾಚಾರಿ ಮದುವೆಗೆ ಎಲ್ಲರೂ ಹೋಗಬೇಕು. ಹಸುಕರುಗಳನ್ನೂ ಕರೆದುಕೊಂಡು ಹೋಗಬೇಕು. ಹಿಂದಿನಿಂದ ಯಾರೋ "ಗಂಟುಮೂ" ಎಂದು ಶುರುಮಾಡಿದರು. ನಾನು ತಿರುಗಿ ನೋಡಿದೆ. ಅವರು ಅಲ್ಲಿಗೇ ನಿಲ್ಲಿಸಿದರು.

ಆರು ದಿನ ಸಾಗಾಟ. ಕರಿಹೈದನ ಲಾಂಚು, ಹದಿನಾಲ್ಕು ಮೀನುದೋಣಿ, ದಡ ಸುತ್ತಿ ಹೋಗುವ ಎರಡು ಬಸ್ಸು. ಆಸ್ಪತ್ರೆಯಿಂದ ಒಂಬತ್ತು ರೋಗಿಗಳು, ಇನ್ನೂರು ಹಸು, ಎಣಿಸಲಾರದಷ್ಟು ಕೋಳಿ. ಕ್ಯಾರಮ್ ಬೋರ್ಡನ್ನು ಇಬ್ಬರು ಮೇಷ್ಟ್ರುಗಳು ತಲೆಯ ಮೇಲೆ ಹೊತ್ತು ತಂದರು. ಆ ದಡದ ತೋಪಿನಲ್ಲಿ ಅಣ್ಣ ಹಾಕಿದ ಚಪ್ಪರಕ್ಕೆ ಕೊನೆಯೇ ಇರಲಿಲ್ಲ. ಮರದಿಂದ ಮರಕ್ಕೆ ಹೋಗುತ್ತಲೇ ಇತ್ತು. ಆ ದಡದ ಹಳ್ಳಿಯವರು ಅಕ್ಕಿ ತಂದರು, ಚಾಪೆ ತಂದರು, ಸೊಳ್ಳೆಪರದೆ ತಂದರು. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಸೀಬಮ್ಮನ ಕೊರಳಿಗೆ ಅಣ್ಣ ತಾಳಿ ಕಟ್ಟಿದ. ಸಾವಿರದ ಎಂಟುನೂರು ಜನ ಅಕ್ಷತೆ ಎರಚಿದರು. ಮೂರನೆಯ ಗಂಟು ಸಡಿಲವಾದದ್ದನ್ನು ನೋಡಿ ಅವಳೇ ಅದನ್ನು ಬಿಗಿದುಕೊಂಡಳು.

ನನಗೆ ಮಾತ್ರ ಊಟ ಇಳಿಯಲಿಲ್ಲ. ವಾರಿಜಾ ಇನ್ನೂ ಊರಿನ ದಡದಲ್ಲೇ ಇದ್ದಳು. ಹನ್ನೆರಡು ಯಂತ್ರಗಳ ಸುದ್ದಿಯೂ ಬೆಟ್ಟದ ಭುಜದ ಮೇಲಿರುವ ಡಬ್ಬಿಯೊಂದಕ್ಕೆ ಬಂದು, ಅಲ್ಲಿಂದ ರೇಡಿಯೋದಲ್ಲಿ ರಾಜಧಾನಿಗೆ ಹೋಗಬೇಕು. ಆ ರೇಡಿಯೋ ಕೆಟ್ಟಿತ್ತು. ಸರಿ ಮಾಡಿ ಹನ್ನೊಂದಕ್ಕೆ ಇಳಿಯುತ್ತೇನೆ ಎಂದಿದ್ದಳು. ಸಿದ್ದಮಾದಪ್ಪನೂ ಅಲ್ಲೇ ಇದ್ದ. ಮನೆಮನೆಗೂ ಹೋಗಿ ಬಾಗಿಲು ಬಡಿದು, ಒಳಗೆ ಯಾರೂ ಇಲ್ಲವೆಂದು ನೋಡಿ ಬರುತ್ತೇನೆ ಎಂದಿದ್ದ. ಕರಿಹೈದ ಲಾಂಚು ಹಿಡಿದು ಕಾಯುತ್ತಿದ್ದ. ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಎರಡನೆಯ ಪಂಕ್ತಿ ಎದ್ದಿತು. ನಾನು ದಡದಲ್ಲಿ ನಿಂತು, ಕಣ್ಣಿಗೆ ಕೈ ಮರೆಮಾಡಿಕೊಂಡು ನೀರಿನ ಮೇಲೆ ನೋಡಿದೆ. ಒಂದು ಚುಕ್ಕೆ ಕಂಡಂತಾಯಿತು.

ಒಂದೂ ಇಪ್ಪತ್ತಕ್ಕೆ ಮಗ್ಗುಲಜ್ಜಿ ಎದ್ದಳು.

ಮೊದಲು ಸದ್ದೇ ಇರಲಿಲ್ಲ. ಬೆಟ್ಟದ ನೆತ್ತಿಯಿಂದ ಬೂದುಬಣ್ಣದ ಕಂಬವೊಂದು ನೆಟ್ಟಗೆ ಆಕಾಶಕ್ಕೆ ಹೋಯಿತು, ಹೋಗುತ್ತಲೇ ಇತ್ತು, ಮೇಲೆ ಹೂಕೋಸಿನಂತೆ ಅರಳಿತು. ಆಮೇಲೆ ಸದ್ದು ಬಂತು. ಎದೆಗೂಡಿನ ಒಳಗೆ ಯಾರೋ ಬಾಗಿಲು ಹಾಕಿದಂತೆ. ಎಲೆಯ ಮೇಲಿನ ಪಾಯಸ ಅದುರಿತು. ಒಬ್ಬರೂ ಕಿರುಚಲಿಲ್ಲ. ಎಲ್ಲರೂ ಎದ್ದುನಿಂತು, ತಾವು ನಿನ್ನೆಯವರೆಗೆ ಮಲಗುತ್ತಿದ್ದ ಜಾಗವನ್ನು ನೋಡುತ್ತಿದ್ದರು. ನಾನು ಚುಕ್ಕೆಯನ್ನೇ ನೋಡುತ್ತಿದ್ದೆ. ಅದರ ಸುತ್ತ ನೀರು ಕುದಿದಂತೆ ಚಿಮ್ಮುತ್ತಿತ್ತು. ಆಕಾಶದಿಂದ ಕಲ್ಲು ಬೀಳುತ್ತಿದ್ದವು. ಬೂದಿ ಕವಿದು ಅದೂ ಕಾಣದಾಯಿತು. ಅಣ್ಣ ಬಾಸಿಂಗ ಕಟ್ಟಿಕೊಂಡೇ ಬಂದು ನನ್ನ ಪಕ್ಕ ನಿಂತ.

ಅರ್ಧ ಗಂಟೆಯ ಮೇಲೆ ಬೂದಿಯೊಳಗಿನಿಂದ ಎಂಜಿನ್ನಿನ ಸದ್ದು ಕೇಳಿತು. ಲಾಂಚು ಬಂದಾಗ ಅದರಲ್ಲಿ ಮನುಷ್ಯರೇ ಕಾಣಲಿಲ್ಲ. ಸೀಬಮ್ಮನ ಹೋಟೆಲಿನ ದೊಡ್ಡ ಇಡ್ಲಿ ಕೊಳಗ ಒಂದು ಬೋರಲಾಗಿ ಕೂತಿತ್ತು, ಅದರ ಮೇಲೆಲ್ಲ ನೆಗ್ಗು. ಕೊಳಗ ಎತ್ತಿದರೆ ಅಡಿಯಲ್ಲಿ ತಲೆಗೆ ತಲೆ ತಾಗಿಸಿಕೊಂಡು ಸಿದ್ದಮಾದಪ್ಪ, ವಾರಿಜಾ, ಇಬ್ಬರ ನಡುವೆ ಚುಕ್ಕಾಣಿ ಹಿಡಿದ ಕರಿಹೈದ. ಮೂವರೂ ವಿಭೂತಿ ಬಳಿದಂತೆ ಬೂದಿ ಬಡಿದುಕೊಂಡಿದ್ದರು.

"ಬರುವಾಗ ಹೋಟೆಲ್ ಬಾಗ್ಲು ನೂಕಿ ಇದನ್ನ ತಗೊಂಡ್ವಿ," ಅಂದ ಸಿದ್ದಮಾದಪ್ಪ ಸೀಬಮ್ಮನಿಗೆ. "ನೆಗ್ಗಿದ್ದಕ್ಕೆ ಬೇಜಾರು ಮಾಡ್ಕೋಬೇಡವ್ವ." ಸೀಬಮ್ಮ ಕೊಳಗ ನೋಡಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡಳು. ಹಿಂದಿನಿಂದ ಯಾರೋ, "ನಮ್ ಅಧ್ಯಕ್ಷರು ಬಂದ್ರು!" ಎಂದು ಕೂಗಿದರು. ವಾಲಗದವರು ಬಾರಿಸುವುದೋ ಬೇಡವೋ ಎಂದು ಕೇಳುವಂತೆ ಅವನ ಮುಖ ನೋಡಿದರು. ಅವನು ಬೂದಿ ಕೊಡವಿಕೊಂಡು, "ಬಾರಿಸ್ರಪ್ಪ, ಮದುವೆಮನೆ ಅಲ್ವಾ," ಅಂದ.

ಊರು ಏನಾಯಿತೆಂದು ಕೇಳುತ್ತೀರಿ. ಹೇಳಿಬಿಡುತ್ತೇನೆ. ಸೊಂಟಮಟ್ಟ ಬೂದಿ ಬಿತ್ತು. ಇನ್ನೂರಕ್ಕೂ ಹೆಚ್ಚು ಮನೆಗಳ ಸೂರು ಕುಸಿಯಿತು, ನಮ್ಮ ಕಾರ್ಖಾನೆಯೂ ಅದರಲ್ಲಿ ಒಂದು. ಮೇಲಿನ ಬೀದಿ ಈಗ ಇಲ್ಲ. ಆರು ದಿನ ಮುಂಚೆ ಹೊರಡದಿದ್ದರೆ ಎಷ್ಟು ಜನ ಉಳಿಯುತ್ತಿದ್ದೆವೋ ಗೊತ್ತಿಲ್ಲ. ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮನುಷ್ಯರದ್ದು ಒಂದು ಜೀವವೂ ಹೋಗಲಿಲ್ಲ. ಏಳು ತಿಂಗಳು ಆ ದಡದಲ್ಲೇ ಇದ್ದೆವು. ಆಮೇಲೆ ಹಿಂತಿರುಗಿ ಸಲಿಕೆ ಹಿಡಿದು ಮನೆಗಳನ್ನು ಹೊರತೆಗೆದೆವು. ಬೂದಿ ಸೇರಿದ ನೆಲದಲ್ಲಿ ಈಗ ಕುಂಬಳಕಾಯಿ ಎತ್ತಿನಗಾಡಿಯ ಚಕ್ರದಷ್ಟು ಬೆಳೆಯುತ್ತದೆ. ವಾರಿಜಾಳ ಯಂತ್ರಗಳಲ್ಲಿ ಏಳನ್ನು ಬೆಟ್ಟ ನುಂಗಿತು. ಹೊಸದನ್ನು ಕೂರಿಸಿದವಳು ನಾನು. ಈಗ ಗಂಧಕದ ಯಂತ್ರವನ್ನೂ ಓದಲು ಬರುತ್ತದೆ.

ಆದರೆ ಅವತ್ತು ಮಧ್ಯಾಹ್ನದ್ದು ಇನ್ನೂ ಸ್ವಲ್ಪ ಇದೆ. ಕೊನೆಯ ಪಂಕ್ತಿಯಲ್ಲಿ ವಾರಿಜಾಳನ್ನು ನನ್ನ ಪಕ್ಕ ಕೂರಿಸಿಕೊಂಡೆ. ಎಲೆಯ ಮೇಲೆ ಬೂದಿ ಬೀಳದಂತೆ ಮೇಲೆ ಜಮಖಾನ ಕಟ್ಟಿದ್ದರು. ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಕಂಬ ಹದಿನಾಲ್ಕು ಕಿಲೋಮೀಟರ್ ಹೋಗಿದೆ ಎಂದಳು, ರೇಡಿಯೋ ಸರಿಯಾಯಿತು, ರಾಜಧಾನಿಯಲ್ಲಿ ಎಲ್ಲವನ್ನೂ ಈಗ ಅವರೇ ನೋಡುತ್ತಿದ್ದಾರೆ ಎಂದಳು. "ಹತ್ತರಲ್ಲಿ ಏಳು ಅಂದಿದ್ದೆ ಕಾಳಮ್ಮ. ಮೂರು ಪಾಲಿನದ್ದೇ ನನಗೆ ಹೆದರಿಕೆ ಇತ್ತು. ನಿಮ್ಮನ್ನೆಲ್ಲ ಸುಮ್ಮನೆ ಎಬ್ಬಿಸಿಬಿಟ್ಟೆನಾ ಅಂತ." ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿದೆ. ಅವಳು ಒಂದು ತುತ್ತು ಮುರಿದಳು. ಬಾಯಿಗೆ ಹೋಗಬೇಕಾದ ಕೈ ಅರ್ಧದಲ್ಲೇ ನಿಂತಿತು, ತಲೆ ನನ್ನ ಹೆಗಲ ಮೇಲೆ ಬಿತ್ತು.

ನಾನು ಗಾಬರಿಯಾಗಿ ಮುಖ ನೋಡಿದೆ. ನಿದ್ದೆ. ಹತ್ತು ದಿನ ಸರಿಯಾಗಿ ಕಣ್ಣು ಮುಚ್ಚದವಳಿಗೆ ಇನ್ನು ಕಾಯಬೇಕಾದದ್ದೇನೂ ಉಳಿದಿರಲಿಲ್ಲ. ಎದುರಿನ ಸಾಲಿನವರಿಗೆ ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಪಕ್ಕದವರಿಗೆ ತೋರಿಸಿದರು, ಅವರು ಆಚೆಯವರಿಗೆ. ಸಿದ್ದಮಾದಪ್ಪ ಕೈಯೆತ್ತಿ ವಾಲಗ ನಿಲ್ಲಿಸಿದ. ಬಡಿಸುವವರು ಬಕೆಟ್ಟುಗಳನ್ನು ಸದ್ದಾಗದಂತೆ ನೆಲಕ್ಕಿಟ್ಟರು. ಕೆರೆಯ ಆಚೆ ಬೆಟ್ಟ ಗುಡುಗುತ್ತಲೇ ಇತ್ತು. ಈಚೆ ಸಾವಿರದ ಎಂಟುನೂರು ಜನ, ಆ ಹುಡುಗಿಗೆ ಎಚ್ಚರವಾದೀತೆಂದು, ಪಿಸುಮಾತಿನಲ್ಲಿ ಮಜ್ಜಿಗೆ ಕೇಳುತ್ತಿದ್ದರು.